ಮನೆಗೇ ಬಂದು ಹಾಸಿಗೆಯ ದೂಳು ತೋರಿಸಿ ವ್ಯಾಕ್ಯೂಮ್ ಕ್ಲೀನರ್ ಮಾರುವವರ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ: ‘ಕುವೆಂಪುನಗರ ಕೆ ಬ್ಲಾಕ್’

ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ತಂದೆ ತಾಯಿಯ ಮನೆಗೆ ಕಳೆದ ಭಾನುವಾರ ಇಬ್ಬರು ಮಾರಾಟ ಪ್ರತಿನಿಧಿಗಳು ಬಂದು, ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ವ್ಯಾಕ್ಯೂಮ್ ಕ್ಲೀನರ್ ಒಂದರ ಡೆಮೊ ಕೊಟ್ಟು ಹೋಗಿದ್ದಾರೆ. ದಸರಾ ವಸ್ತುಪ್ರದರ್ಶನದ ಮಳಿಗೆಯೊಂದರಲ್ಲಿ ಅಮ್ಮ ಲಕ್ಕಿ ಡ್ರಾ ಚೀಟಿ ತುಂಬಿ ಡಬ್ಬಿಗೆ ಹಾಕಿದ್ದರಂತೆ. ‘ತಮಗೆ ಒಂದು ಹಾಸಿಗೆಯನ್ನು ಉಚಿತವಾಗಿ ಸ್ವಚ್ಛಗೊಳಿಸಿಕೊಡುವ ಬಹುಮಾನ ಬಂದಿದೆ’ ಎಂದು ಫೋನ್ ಬಂತು. ಬಂದವರು ಹಾಸಿಗೆಯನ್ನು ಸ್ವಚ್ಛಗೊಳಿಸಿದ್ದೂ ನಿಜ. ಆಮೇಲೆ ಯಂತ್ರದ ಬಾಯಿಗೆ ಅಂಗೈಯಗಲದ ಕಪ್ಪು ಬಟ್ಟೆ ಸಿಕ್ಕಿಸಿ, ಅದೇ ಹಾಸಿಗೆಯ ಮೇಲೆ ನಾಲ್ಕಾರು ಸಲ ಎಳೆದಾಡಿ, ಬಟ್ಟೆಯ ಮೇಲೆ ಕೂತ ಬೂದುಬಣ್ಣದ ಪುಡಿಯನ್ನು ಅಪ್ಪನ ಮುಂದೆ ಹಿಡಿದು, ‘ಸರ್, ಇಷ್ಟು ವರ್ಷ ತಾವು ಇದರ ಮೇಲೆಯೇ ಮಲಗಿದ್ದೀರಿ’ ಎಂದರಂತೆ. ಅಪ್ಪನಿಗೆ ಚಳಿಗಾಲದಲ್ಲಿ ಉಬ್ಬಸ ಕಾಣಿಸಿಕೊಳ್ಳುತ್ತದೆ. ಅದು ಗೊತ್ತಾದ ಮೇಲೆ ಆಲ್ಬಮ್ಮಿನಿಂದ ಎಂಟು ಕಾಲಿನ, ನೋಡಿದರೆ ಮೈ ಜುಮ್ಮೆನ್ನುವಂಥ ಹುಳುವೊಂದರ ಚಿತ್ರವೂ ಹೊರಬಂತು.

ಬೆಲೆ ಹೇಳಿದ್ದು ಕೊನೆಗೆ. ಮೊದಲು ನಲವತ್ತೆರಡು ಸಾವಿರ. ಹಳೆಯ ಮಿಕ್ಸಿ ಕೊಟ್ಟರೆ ಮೂವತ್ತನಾಲ್ಕೂವರೆ ಸಾವಿರ, ಅದೂ ಅಂದಿನ ಮಟ್ಟಿಗೆ ಮಾತ್ರ, ಜಿಎಸ್‌ಟಿ ಬೇರೆ. ಅಪ್ಪ ಒಂದು ವಾರ ಸಮಯ ಕೇಳಿ ಕಳುಹಿಸಿದ್ದಾರೆ. ಈಗ ದಿನವೂ ಫೋನ್ ಬರುತ್ತಿದೆ; ನಾನು ಬೆಂಗಳೂರಿನಲ್ಲಿ ಕುಳಿತು ‘ಬೇಡ’ ಎನ್ನುವುದಕ್ಕೆ ಸರಿಯಾದ ಕಾರಣವಾದರೂ ಇರಬೇಕಲ್ಲವೇ?

ಮನೆಯ ಹಜಾರಕ್ಕೆ ಹಳೆಯ ರೆಡ್ ಆಕ್ಸೈಡ್ ನೆಲ, ಕೋಣೆಗಳಿಗೆ ಟೈಲ್ಸ್. ಕಾರ್ಪೆಟ್ ಎಂಬುದು ಮನೆಯಲ್ಲಿ ಇಲ್ಲವೇ ಇಲ್ಲ. ಕೆಲಸದಾಕೆ ದಿನವೂ ಬಂದು ಗುಡಿಸಿ, ಒರೆಸಿ ಹೋಗುತ್ತಾರೆ. ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ನೋಡುವುದಕ್ಕೆ ಇದೇ ಥರದ ಯಂತ್ರಗಳು ಆರರಿಂದ ಹನ್ನೆರಡು ಸಾವಿರಕ್ಕೆ ಸಿಗುತ್ತಿರುವಾಗ, ಉಳಿದ ಇಪ್ಪತ್ತು ಚಿಲ್ಲರೆ ಸಾವಿರಕ್ಕೆ ಏನು ಸಿಗುತ್ತದೆ? 2000 ವ್ಯಾಟ್, 22 ಕಿಲೋಪ್ಯಾಸ್ಕಲ್, ಹೆಪಾ ಫಿಲ್ಟರ್ ಎಂದು ಅವರು ಬರೆದುಕೊಟ್ಟ ಚೀಟಿಯನ್ನು ಹೇಗೆ ಓದಬೇಕು? ಮತ್ತು ಮೂಲಭೂತವಾದ ಒಂದು ಪ್ರಶ್ನೆ: ಫ್ರಿಜ್ಜನ್ನಾಗಲಿ ವಾಷಿಂಗ್ ಮಷೀನನ್ನಾಗಲಿ ಯಾರೂ ಮನೆಗೆ ಹೊತ್ತು ತಂದು ತೋರಿಸುವುದಿಲ್ಲ, ಇದೊಂದನ್ನು ಮಾತ್ರ ಏಕೆ ಹೀಗೆ ಮಾರುತ್ತಾರೆ?

ಉತ್ತರ: ‘ನೂರಡಿ ರಸ್ತೆ, ಮಂಡ್ಯ’

ಪದವಿ ಮುಗಿಸಿದ ಹೊಸದರಲ್ಲಿ ಇದೇ ಬಗೆಯ ಕಂಪನಿಯೊಂದರಲ್ಲಿ ಕೆಲಸ ಮಾಡಿದವನು ನಾನು. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ, ಏಕೆಂದರೆ ವಿಧಾನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಫ್ರಿಜ್ ಬೇಕೆಂದು ಜನರಿಗೆ ಮೊದಲೇ ಗೊತ್ತಿರುತ್ತದೆ. ಅವರು ಅಂಗಡಿಗೆ ಹೋಗುವುದು ಯಾವ ಫ್ರಿಜ್ ಎಂದು ಕೇಳುವುದಕ್ಕೆ. ದಿನವೂ ಪೊರಕೆ ಆಡುವ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಮನೆಯವರಿಗೆ ವ್ಯಾಕ್ಯೂಮ್ ಕ್ಲೀನರ್ ಇಲ್ಲವೆಂಬ ಕೊರಗು ಇರುವುದಿಲ್ಲ. ಹಾಗಾಗಿ ಮೊದಲು ಕೊರಗನ್ನು ಹುಟ್ಟಿಸಬೇಕು, ಯಂತ್ರವನ್ನು ಆಮೇಲೆ ಮಾರಬೇಕು. ಕೊರಗು ಹುಟ್ಟುವುದು ಅಂಗಡಿಯ ಗಾಜಿನ ಹಿಂದೆಯಲ್ಲ, ಅವರವರ ಹಾಸಿಗೆಯ ಮೇಲೆ. ಇದೇನೂ ನಮ್ಮಲ್ಲಿ ಹುಟ್ಟಿದ ಉಪಾಯವಲ್ಲ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಅದು ಕುದುರೆ ಎಳೆಯುವ ಗಾಡಿಯಷ್ಟು ದೊಡ್ಡದಿತ್ತು. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಕಿಟಕಿಯ ಮೂಲಕ ಉದ್ದನೆಯ ಕೊಳವೆಗಳು ಮನೆಯೊಳಕ್ಕೆ ಹೋಗುತ್ತಿದ್ದವು. ಒಳಗಿನ ದೂಳು ಹರಿದುಬರುವುದು ನೋಡುವವರ ಕಣ್ಣಿಗೆ ಕಾಣಲೆಂದು ಆತ ಪಾರದರ್ಶಕ ಕೊಳವೆಯನ್ನೂ ಜೋಡಿಸಿದ್ದ. ನಿಮ್ಮ ಮನೆಗೆ ಬಂದ ಕಪ್ಪು ಬಟ್ಟೆಯ ಮೂಲ ಅಲ್ಲಿದೆ. ಅಮೆರಿಕದಲ್ಲಿ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ರೂಪಿಸಿದ ಸಣ್ಣ ಯಂತ್ರದ ಹಕ್ಕನ್ನು ಕೊಂಡ ಹೂವರ್ ಕಂಪನಿ, 1908ರಲ್ಲಿ ಹತ್ತು ದಿನ ಮನೆಯಲ್ಲಿಟ್ಟುಕೊಂಡು ಬಳಸಿ ನೋಡಿ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಆ ಯಂತ್ರಗಳನ್ನು ಊರೂರಿನ ಅಂಗಡಿಗಳ ಮೂಲಕ ಕಳುಹಿಸಿ, ಆ ಅಂಗಡಿಗಳನ್ನೇ ತನ್ನ ಡೀಲರುಗಳನ್ನಾಗಿ ಮಾಡಿಕೊಂಡಿತು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಬೆಳೆದದ್ದೂ ಮನೆ ಮನೆ ಸುತ್ತುವ ಮಾರಾಟಗಾರರಿಂದಲೇ. ಅದೇ ಎಲೆಕ್ಟ್ರೋಲಕ್ಸ್ ಮತ್ತು ಫೋರ್ಬ್ಸ್ ಬಳಗ ಸೇರಿ 1982ರಲ್ಲಿ ಯುರೇಕಾ ಫೋರ್ಬ್ಸ್ ಆರಂಭಿಸಿದಾಗ, ಟೈ ಕಟ್ಟಿಕೊಂಡು ಬಾಗಿಲು ತಟ್ಟುವ ಪದ್ಧತಿ ನಮ್ಮ ದೇಶದ ನಗರಗಳಿಗೂ ಬಂತು.

ಇನ್ನು ಡೆಮೊದ ಒಳಗಿನ ವಿಚಾರ. ಲಕ್ಕಿ ಡ್ರಾ ಡಬ್ಬಿ ಇರುವುದು ಫೋನ್ ನಂಬರುಗಳಿಗಾಗಿ. ನಾವು ಕೆಲಸ ಮಾಡುತ್ತಿದ್ದಾಗ ಅದರೊಳಗೆ ಬಿದ್ದ ಚೀಟಿಗಳಲ್ಲಿ ಬಹುಮಾನ ಬಾರದ ಚೀಟಿಯನ್ನು ನಾನು ಕಂಡಿಲ್ಲ. ಗಂಡ ಹೆಂಡತಿ ಇಬ್ಬರೂ ಇರುವ ಹೊತ್ತನ್ನೇ ಕೇಳಿ ಗೊತ್ತುಮಾಡುತ್ತಿದ್ದೆವು, ಏಕೆಂದರೆ ಒಬ್ಬರೇ ಇದ್ದರೆ ‘ಮನೆಯವರನ್ನು ಕೇಳಿ ಹೇಳುತ್ತೇನೆ’ ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಲೋಟ ನೀರು ಕೇಳಿ ಕುಡಿಯುವುದೂ ತರಬೇತಿಯ ಭಾಗವೇ. ಬಳಸಿದ ಕಪ್ಪು ಬಟ್ಟೆಗಳನ್ನು ಒಂದನ್ನೂ ಎತ್ತಿಡಬಾರದು, ಸೋಫಾದ ಮುಂದೆ ಸಾಲಾಗಿ ಹರವುತ್ತಾ ಹೋಗಬೇಕು. ಬೆಲೆಯ ಮಾತು ಬರುವ ಹೊತ್ತಿಗೆ ಮನೆಯವರು ಆ ಸಾಲಿನ ಎದುರಿಗೇ ಕುಳಿತಿರಬೇಕು. ಬೂರುಗದ ಹತ್ತಿಯ ಹಾಸಿಗೆ ಕಂಡರಂತೂ ನಮಗೆ ಹಬ್ಬ. ಹಳೆಯದಾದ ಬೂರುಗದ ಹತ್ತಿ ಒಳಗೇ ಪುಡಿಯಾಗುತ್ತಿರುತ್ತದೆ, ಎಷ್ಟು ಎಳೆದರೂ ಬರುತ್ತಲೇ ಇರುತ್ತದೆ. ಅದರಲ್ಲಿ ದೂಳೆಷ್ಟು, ಹತ್ತಿಯೆಷ್ಟು, ಚರ್ಮದ ಹೊಟ್ಟೆಷ್ಟು ಎಂದು ಬರಿಗಣ್ಣಿನಲ್ಲಿ ಯಾರೂ ಹೇಳಲಾರರು.

ಮೊದಲು ಹೇಳುವ ಬೆಲೆ ಮಾರುವುದಕ್ಕಾಗಿ ಇರುವುದಲ್ಲ, ಎರಡನೆಯ ಬೆಲೆ ಅಗ್ಗವಾಗಿ ಕಾಣಿಸುವುದಕ್ಕಾಗಿ ಇರುವುದು. ಹಳೆಯ ಮಿಕ್ಸಿ ಗುಜರಿಗೆ ಹೋಗುತ್ತದೆ. ಮಿಕ್ಸಿಯೇ ಇಲ್ಲವೆಂದರೆ ಇಸ್ತ್ರಿಪೆಟ್ಟಿಗೆಯನ್ನೂ ಒಪ್ಪುತ್ತಿದ್ದೆವು. ‘ಮ್ಯಾನೇಜರನ್ನು ಕೇಳಿ ನೋಡುತ್ತೇನೆ’ ಎಂದು ಮಾಡುವ ಫೋನಿನ ಆ ಕಡೆ, ಇಂಥ ಕರೆಗೆಂದೇ ಕಾದಿರುವವರು ಇರುತ್ತಾರೆ. ಹೊರಡುವಾಗ ‘ಐದು ಜನ ಬಂಧುಗಳ ಹೆಸರು, ನಂಬರು ಕೊಡಿ’ ಎನ್ನುವುದು ಮುಂದಿನ ವಾರದ ಕೆಲಸಕ್ಕೆ. ಹುಡುಗರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಬಹಳ ಕಡೆ ಸಂಬಳವೆಂಬುದು ಹೆಸರಿಗಷ್ಟೇ, ಯಂತ್ರ ಮಾರಿದರೆ ಕಮಿಷನ್, ಇಲ್ಲದಿದ್ದರೆ ಪೆಟ್ರೋಲ್ ಖರ್ಚೂ ಕೈಯಿಂದಲೇ.

ನಿಮ್ಮ ತಂದೆಯವರಿಗೆ ಹೇಳಬಹುದಾದ ಸರಿಯಾದ ಕಾರಣ ಇಷ್ಟೇ: ಹಾಸಿಗೆಯಲ್ಲಿ ದೂಳಿತ್ತು ಮತ್ತು ಆ ಯಂತ್ರ ದೂಳು ಎಳೆಯುತ್ತದೆ ಎಂಬ ಎರಡು ವಿಷಯಗಳನ್ನು ಮಾತ್ರ ಆ ಡೆಮೊ ಸಾಬೀತು ಮಾಡಿದೆ. ಎಂಟು ಸಾವಿರದ ಯಂತ್ರ ಅದೇ ಹಾಸಿಗೆಯಿಂದ ಎಷ್ಟು ಎಳೆಯುತ್ತಿತ್ತು ಎಂಬುದನ್ನು ಅಲ್ಲಿ ಯಾರೂ ತೋರಿಸಲಿಲ್ಲ. ಪಕ್ಕದ ಮನೆಯವರ ಸಾಧಾರಣ ಯಂತ್ರವೊಂದನ್ನು ತಂದಿಟ್ಟುಕೊಂಡು, ಅರ್ಧ ಹಾಸಿಗೆಯನ್ನು ಅದರಿಂದ, ಉಳಿದರ್ಧವನ್ನು ತಮ್ಮ ಯಂತ್ರದಿಂದ ಮಾಡಿ ತೋರಿಸಿ ಎಂದು ಕೇಳಿ ನೋಡಲಿ. ಬಹುಶಃ ಫೋನ್ ಬರುವುದೇ ನಿಲ್ಲುತ್ತದೆ.

ಉತ್ತರ: ‘ಹಳೇ ಮೀಟರು’

ಮೈಸೂರಿನ ಶಿವರಾಂಪೇಟೆಯ ಕಡೆ ಮಿಕ್ಸಿ, ಗ್ರೈಂಡರ್, ವ್ಯಾಕ್ಯೂಮ್ ಕ್ಲೀನರ್ ದುರಸ್ತಿ ಮಾಡುವವನು ನಾನು. ಚೀಟಿಯಲ್ಲಿರುವ ಅಂಕಿಗಳ ಬಗ್ಗೆ ಹೇಳುತ್ತೇನೆ.

ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಲೆಕ್ಕವೇ ಹೊರತು ಅದು ಮಾಡುವ ಕೆಲಸದ ಲೆಕ್ಕವಲ್ಲ. ಕಳಪೆ ಫ್ಯಾನು, ಸೋರುವ ಕೊಳವೆ, ತುಂಬಿದ ಚೀಲ ಇವಿಷ್ಟೂ ಇದ್ದರೂ 2000 ವ್ಯಾಟ್ 2000 ವ್ಯಾಟೇ. ಯುರೋಪಿನಲ್ಲಿ ದೊಡ್ಡ ವ್ಯಾಟೇ ದೊಡ್ಡ ಯಂತ್ರ ಎಂಬ ಜಾಹೀರಾತಿನ ಪೈಪೋಟಿ ಎಷ್ಟು ಬೆಳೆಯಿತೆಂದರೆ, ಐರೋಪ್ಯ ಒಕ್ಕೂಟವು 2014ರ ಸೆಪ್ಟೆಂಬರಿನಿಂದ 1600 ವ್ಯಾಟ್, 2017ರ ಸೆಪ್ಟೆಂಬರಿನಿಂದ 900 ವ್ಯಾಟ್ ಎಂದು ಮಿತಿಯನ್ನೇ ಹಾಕಿತು. ಅಲ್ಲಿನ ಮನೆಗಳು ಅದರಿಂದ ಕೊಳಕಾಗಲಿಲ್ಲ. ತಯಾರಕರು ಮೋಟರನ್ನೂ ನೆಲಕ್ಕೆ ತಾಗುವ ಬಾಯಿಯನ್ನೂ ಸುಧಾರಿಸಿಕೊಂಡರು. ಜೊತೆಗೆ ತಂದಿದ್ದ, ವಿದ್ಯುತ್ ಬಳಕೆಯ ದರ್ಜೆ ಹೇಳುವ ಇಂಧನ ಲೇಬಲ್ಲಿಗೆ ಬೇರೆಯದೇ ಗತಿಯಾಯಿತು. ಪರೀಕ್ಷೆಯನ್ನು ಖಾಲಿ ಚೀಲದಲ್ಲಿ ಮಾಡುತ್ತಾರೆ, ಮನೆಯಲ್ಲಿ ಯಾರೂ ಖಾಲಿ ಚೀಲದಲ್ಲಿ ಯಂತ್ರ ಓಡಿಸುವುದಿಲ್ಲ ಎಂದು ಡೈಸನ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು; 2018ರಲ್ಲಿ ಆ ಲೇಬಲ್ ರದ್ದಾಯಿತು. ಚೀಲವಿಲ್ಲದ ಯಂತ್ರ ಮಾರುವ ಡೈಸನ್ನಿಗೆ ಅದರಲ್ಲಿ ತನ್ನದೇ ಲಾಭವೂ ಇತ್ತು, ಆದರೆ ವಾದದಲ್ಲಿ ಹುರುಳಿತ್ತು. ನಾನು ಬಿಚ್ಚುವ ಯಂತ್ರಗಳಲ್ಲಿ ‘ಎಳೆಯುತ್ತಿಲ್ಲ’ ಎಂಬ ದೂರಿನೊಂದಿಗೆ ಬರುವವುಗಳ ಪೈಕಿ ಹೆಚ್ಚಿನವುಗಳ ಮೋಟರ್ ಚೆನ್ನಾಗಿಯೇ ಇರುತ್ತದೆ, ಚೀಲ ಅಥವಾ ಫಿಲ್ಟರ್ ಮಾತ್ರ ಹಿಟ್ಟಿನಂಥ ದೂಳಿನಿಂದ ಕಟ್ಟಿಕೊಂಡಿರುತ್ತದೆ.

ಹೀರುವ ಒತ್ತಡವನ್ನು ಹೇಳುವ ಕಿಲೋಪ್ಯಾಸ್ಕಲ್ ಅಂಕಿ ವ್ಯಾಟಿಗಿಂತ ಮೇಲು, ಆದರೆ ಅದರಲ್ಲೂ ಒಂದು ಸೂಕ್ಷ್ಮವಿದೆ. ಜಾಹೀರಾತಿನಲ್ಲಿ ಬರುವ ಗರಿಷ್ಠ ಅಂಕಿಯನ್ನು ಕೊಳವೆಯ ಬಾಯಿಯನ್ನು ಪೂರ್ತಿ ಮುಚ್ಚಿ ಅಳೆಯುತ್ತಾರೆ, ಅಂದರೆ ಒಂದಿಷ್ಟೂ ಗಾಳಿ ಹರಿಯದ ಸ್ಥಿತಿಯಲ್ಲಿ. ದೂಳನ್ನು ಹೊತ್ತು ತರಬೇಕಾದುದು ಹರಿಯುವ ಗಾಳಿ. ಭಾರವಾದ ಚೆಂಡನ್ನು ಕೊಳವೆಯ ತುದಿಗೆ ಅಂಟಿಸಿ ಎತ್ತಿ ತೋರಿಸುವ ಡೆಮೊ ಅದಕ್ಕೇ ಆಕರ್ಷಕ, ಅದಕ್ಕೇ ಅರ್ಧ ಸತ್ಯ: ಚೆಂಡು ಬಾಯಿಯನ್ನು ಮುಚ್ಚಿಬಿಡುತ್ತದೆ, ರವೆ ಸಕ್ಕರೆ ಮುಚ್ಚುವುದಿಲ್ಲ. ಹೀರುವ ಒತ್ತಡ ಮತ್ತು ಗಾಳಿಯ ಹರಿವು ಎರಡನ್ನೂ ಸೇರಿಸಿ ಹೇಳುವ ಏರ್‌ವ್ಯಾಟ್ ಎಂಬ ಅಳತೆಯೊಂದಿದೆ. ಕಂಪನಿ ಅದನ್ನು ಕೊಟ್ಟಿದ್ದರೆ ಅದನ್ನೇ ನೋಡಿ. ರೋಬಾಟ್ ಯಂತ್ರಗಳಿಗೆ ಹಾಕುವ ಸಾವಿರಗಟ್ಟಲೆ ‘ಪ್ಯಾಸ್ಕಲ್’ ಕೂಡ ಇದೇ ಬಗೆಯ ಗರಿಷ್ಠ ಅಂಕಿ, ಸಾವಿರ ಪ್ಯಾಸ್ಕಲ್ ಸೇರಿದರೆ ಒಂದು ಕಿಲೋಪ್ಯಾಸ್ಕಲ್. ಅಂದಹಾಗೆ, ರೋಬಾಟ್ ಕೊಳ್ಳುವವರು ಮನೆಯ ಹೊಸ್ತಿಲಿನ ಎತ್ತರವನ್ನೊಮ್ಮೆ ಅಳೆದುಕೊಳ್ಳುವುದು ಒಳ್ಳೆಯದು. ಎರಡು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಬಹುತೇಕ ಯಂತ್ರಗಳು ದಾಟಲಾರವು, ದೇವರ ಮನೆಯ ಮುಂದಿನ ರಂಗೋಲಿಯನ್ನು ಮಾತ್ರ ಮರೆಯದೆ ನುಂಗುತ್ತವೆ.

ಹೆಪಾ ಎಂದರೆ ಅತಿ ಸಣ್ಣ ಕಣಗಳನ್ನೂ ತಡೆಯುವ ಫಿಲ್ಟರ್, ಅದರ ವಿಷಯದಲ್ಲಿ ದರ್ಜೆ ಕೇಳಿ. ಎಚ್13 ಎಂದರೆ ಹಿಡಿಯುವುದಕ್ಕೆ ಅತಿ ಕಷ್ಟವಾದ ಗಾತ್ರದ ಕಣಗಳಲ್ಲಿಯೂ 99.95 ಶೇಕಡ ತಡೆಯುವ ಫಿಲ್ಟರ್. ‘ಹೆಪಾ ಮಾದರಿಯ’, ‘ಹೆಪಾ ತಂತ್ರಜ್ಞಾನದ’ ಎಂಬ ಮಾತುಗಳಿಗೆ ಅಂಥ ಅರ್ಥವೇನೂ ಇಲ್ಲ. ಫಿಲ್ಟರ್ ಎಷ್ಟೇ ಒಳ್ಳೆಯದಾಗಿದ್ದರೂ ಮುಚ್ಚಳದ ರಬ್ಬರ್ ಸಡಿಲವಾಗಿದ್ದರೆ ಗಾಳಿ ಫಿಲ್ಟರಿನೊಳಗೆ ಹೋಗದೆ ಪಕ್ಕದಿಂದ ಹೊರಬರುತ್ತದೆ. ಅಂಗಡಿಯಲ್ಲಿ ಯಂತ್ರ ಓಡುತ್ತಿರುವಾಗ ಮುಚ್ಚಳದ ಸುತ್ತ ಕೈಯಾಡಿಸಿ ನೋಡಿದರೆ ಗೊತ್ತಾಗುತ್ತದೆ.

ಉಳಿದ ಇಪ್ಪತ್ತು ಚಿಲ್ಲರೆ ಸಾವಿರಕ್ಕೆ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಗಟ್ಟಿಯಾದ ಮೈ, ಒಳ್ಳೆಯ ಮೋಟರ್, ಸೋಫಾ ತೊಳೆಯುವ ಶಾಂಪೂ ಬ್ರಷ್ಷಿನಂಥ ಉಪಕರಣಗಳು ಸಿಗಬಹುದು. ದೊಡ್ಡ ಪಾಲು ಹೋಗುವುದು ಡೆಮೊ ಕೊಟ್ಟವರ ಕಮಿಷನ್ನಿಗೆ, ಮಾರಾಟವಾಗದ ಮನೆಗಳ ಡೆಮೊ ಖರ್ಚಿಗೆ, ಪ್ರದರ್ಶನದ ಮಳಿಗೆಯ ಬಾಡಿಗೆಗೆ. ಆಮೇಲಿನ ಖರ್ಚನ್ನೂ ಕೇಳಿಟ್ಟುಕೊಳ್ಳಿ: ಚೀಲ ಆ ಕಂಪನಿಯದೇ ಆಗಬೇಕೇ, ಕೊಳವೆ ಬಿರುಕು ಬಿಟ್ಟರೆ ಬಿಡಿಭಾಗ ಮೈಸೂರಿನಲ್ಲೇ ಸಿಗುತ್ತದೆಯೇ? ನನ್ನ ಅನುಭವದಲ್ಲಿ ಮೊದಲು ಕೈಕೊಡುವುದು ಮೋಟರಲ್ಲ, ಯಂತ್ರವನ್ನು ಹಿಡಿದು ಎಳೆದಾಡುವ ಆ ಕೊಳವೆ.

ಉತ್ತರ: ‘ಒಂಟಿಕೊಪ್ಪಲು’

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದಿಷ್ಟು ಭಿನ್ನವಾಗಿ ಹೇಳಬೇಕಾಗಿದೆ. ನಮ್ಮ ಮನೆಯಲ್ಲಿರುವ ಯಂತ್ರ ಹೀಗೆ ಬಾಗಿಲಿಗೆ ಬಂದವರಿಂದಲೇ ಕೊಂಡದ್ದು. ಮಗ ಹೈಸ್ಕೂಲಿನಲ್ಲಿದ್ದಾಗ ಬಂದದ್ದು, ಈಗ ಅವನ ಮಗುವಿನ ಆಟದ ಚಾಪೆಯನ್ನೂ ಅದರಲ್ಲೇ ಸ್ವಚ್ಛ ಮಾಡುತ್ತಿದ್ದೇವೆ. ಅಂಗಡಿಯವರು ಡಬ್ಬ ತೆರೆದು ತೋರಿಸುವುದಕ್ಕೂ ಬೇಸರಪಡುತ್ತಿದ್ದ ಕಾಲದಲ್ಲಿ, ಯಾವ ಬ್ರಷ್ಷು ಯಾವುದಕ್ಕೆ, ಚೀಲ ಕಳಚುವುದು ಹೇಗೆ, ಫ್ಯಾನಿನ ರೆಕ್ಕೆ, ಪುಸ್ತಕದ ಕಪಾಟು, ಕಿಟಕಿಯ ಸರಳುಗಳ ಸಂದು ಇವನ್ನೆಲ್ಲ ಹೇಗೆ ಮಾಡಬೇಕು ಎಂದು ಆ ಹುಡುಗ ಕೂತು ಕಲಿಸಿಕೊಟ್ಟ. ಹಾಗೆ ಕಲಿಯದೆ ಅಂಗಡಿಯಿಂದ ಅಗ್ಗಕ್ಕೆ ತಂದ ಎಷ್ಟು ಯಂತ್ರಗಳು ನಮ್ಮ ಬೀದಿಯ ಅಟ್ಟಗಳ ಮೇಲೆ ಕೂತಿವೆ ಎಂಬುದು ನನಗೆ ಗೊತ್ತಿದೆ. ವ್ಯಾಕ್ಯೂಮ್ ಕ್ಲೀನರ್ ಬಳಸದೆ ಹಾಳಾಗುವ ವಸ್ತು. ಮನೆಯಲ್ಲಿ ಕೊಟ್ಟ ಡೆಮೊ ಅದನ್ನು ಬಳಸುವ ಅಭ್ಯಾಸ ಹಿಡಿಸುತ್ತದೆ ಎಂಬುದನ್ನು ಲೆಕ್ಕದಿಂದ ಬಿಡಬಾರದು.

ಆದರೆ ಉಬ್ಬಸದ ವಿಷಯ ಎತ್ತಿ ಮಾರುವುದು ನನಗೂ ಒಪ್ಪಿಗೆಯಿಲ್ಲ. ಆಲ್ಬಮ್ಮಿನಲ್ಲಿರುವ ಹುಳು ದೂಳಿನಲ್ಲಿ ಬದುಕುವ ನುಸಿ (ಡಸ್ಟ್ ಮೈಟ್), ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ದೊಡ್ಡದು, ಚಿತ್ರ ಸೂಕ್ಷ್ಮದರ್ಶಕದ್ದು. ಅದು ಕಚ್ಚುವುದಿಲ್ಲ, ಅಲರ್ಜಿ ಬರುವುದು ಮುಖ್ಯವಾಗಿ ಅದರ ಹಿಕ್ಕೆಯಿಂದ. ಮೇಲ್ಮೈಯಲ್ಲಿರುವ ದೂಳಿನೊಂದಿಗೆ ಯಂತ್ರ ಒಂದಿಷ್ಟನ್ನು ತೆಗೆಯುತ್ತದೆ, ಹಾಸಿಗೆಯ ಒಳಗೆ ಬದುಕಿರುವ ಹುಳುಗಳನ್ನೆಲ್ಲ ಎಳೆದು ತರಲಾರದು. ಮಗನಿಗೆ ಅಲರ್ಜಿ ಇದ್ದಾಗ ವೈದ್ಯರು ನಮಗೆ ಹೇಳಿದ್ದು, ಹಾಸಿಗೆ ದಿಂಬುಗಳಿಗೆ ಒತ್ತಾದ ನೇಯ್ಗೆಯ, ಜಿಪ್ ಇರುವ ಹೊದಿಕೆ ಹಾಕಬೇಕು, ಹೊದೆಯುವುದು ಹಾಸುವುದನ್ನೆಲ್ಲ ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ತೊಳೆಯಬೇಕು, ಕೋಣೆಯನ್ನು ಒಣಗಿರುವಂತೆ ನೋಡಿಕೊಳ್ಳಬೇಕು ಎಂದು. ಇದರ ಖರ್ಚು ಮೂವತ್ತನಾಲ್ಕು ಸಾವಿರವಲ್ಲ. ಯಂತ್ರ ಓಡಿಸುವಾಗ ನಿಮ್ಮ ತಂದೆಯವರು ಆ ಕೋಣೆಯಲ್ಲಿ ಇರದಿರುವುದೂ ಲೇಸು, ಏಕೆಂದರೆ ಆ ಹೊತ್ತಿನಲ್ಲಿ ಸಣ್ಣ ದೂಳು ಗಾಳಿಗೆ ಏಳುತ್ತದೆ.

ಮತ್ತೆ, ಇಂದಿನವರು ಬಾಗಿಲಿಗೆ ಬರುವವರನ್ನಷ್ಟೇ ದೂರುವುದು ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಮೊಬೈಲಿನಲ್ಲಿ ‘ಎರಡೇ ಉಳಿದಿವೆ’, ‘ಕೊಡುಗೆ ಮುಗಿಯಲು ಹನ್ನೊಂದು ನಿಮಿಷ’ ಎನ್ನುವುದು ಕಪ್ಪು ಬಟ್ಟೆಗಿಂತ ಯಾವ ರೀತಿಯಲ್ಲಿ ಮೇಲು? ತಂತಿಯಿಲ್ಲದ ಯಂತ್ರಗಳ ಜಾಹೀರಾತಿನಲ್ಲಿ ‘60 ನಿಮಿಷ ಓಡುತ್ತದೆ’ ಎಂದು ದೊಡ್ಡದಾಗಿ ಬರೆದು, ಅದು ಅತಿ ಕಡಿಮೆ ವೇಗದಲ್ಲಿ, ತಿರುಗುವ ಬ್ರಷ್ಷಿಲ್ಲದೆ ಎಂಬುದನ್ನು ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಚಿಕ್ಕದಾಗಿ ಬರೆದಿರುತ್ತಾರೆ. ಪೂರ್ಣ ವೇಗದಲ್ಲಿ ಹಜಾರ ಮುಗಿಯುವುದರೊಳಗೆ ಬ್ಯಾಟರಿ ಮುಗಿದರೆ ಯಾರನ್ನು ಕೇಳುವುದು? ಬಾಗಿಲಿಗೆ ಬಂದ ಹುಡುಗನನ್ನಾದರೂ ಎದುರಿಗೆ ಕೂರಿಸಿ ಕೇಳಬಹುದಿತ್ತು.

ಉತ್ತರ: ‘ಕಕ್ಷಿದಾರ’

ವಕೀಲಿ ವೃತ್ತಿಯಲ್ಲಿರುವುದರಿಂದ ಕಾನೂನಿಗೆ ಸಂಬಂಧಿಸಿದಷ್ಟನ್ನು ಬರೆಯುತ್ತೇನೆ.

ಮೊದಲನೆಯದಾಗಿ ‘ಜಿಎಸ್‌ಟಿ ಬೇರೆ’ ಎಂಬ ಮಾತು. ಪೊಟ್ಟಣದ ಮೇಲೆ ಮುದ್ರಿಸುವ ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡಿರಬೇಕೆಂಬುದು ಕಾನೂನು ಮಾಪನಶಾಸ್ತ್ರದ ನಿಯಮ. ಅದರ ಮೇಲೆ ತೆರಿಗೆ ಸೇರಿಸುವಂತಿಲ್ಲ. ಆದ್ದರಿಂದ ಬಾಯಲ್ಲಿ ಹೇಳಿದ ನಲವತ್ತೆರಡು ಸಾವಿರವನ್ನು ಬದಿಗಿಟ್ಟು ಡಬ್ಬದ ಮೇಲಿನ ಮುದ್ರಿತ ಬೆಲೆ, ತಯಾರಕರ ಅಥವಾ ಆಮದುದಾರರ ವಿಳಾಸ, ಯಾವ ದೇಶದಲ್ಲಿ ತಯಾರಾದದ್ದು ಎಂಬುದನ್ನು ಓದಿಕೊಳ್ಳಲಿ. ವ್ಯಾಕ್ಯೂಮ್ ಕ್ಲೀನರಿನ ಜಿಎಸ್‌ಟಿಯನ್ನು 2018ರ ಜುಲೈನಲ್ಲಿ ಶೇಕಡ 28ರಿಂದ 18ಕ್ಕೆ ಇಳಿಸಲಾಗಿದೆ ಎಂಬುದೂ ತಿಳಿದಿರಲಿ.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರಕು ಮಾರಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ಇಲ್ಲಿ ಗಮನಿಸಬೇಕಾದ ಶಬ್ದ ‘ದೋಷ’. ಯಂತ್ರ ಸರಿಯಾಗಿದ್ದು, ಕೊಂಡವರ ಮನಸ್ಸು ಮಾತ್ರ ಬದಲಾಗಿದ್ದರೆ ಈ ಅಂಶ ನೆರವಿಗೆ ಬರುವುದಿಲ್ಲ. ಅಮೆರಿಕದಲ್ಲಿ ಮನೆಯಲ್ಲಿ ಕುದುರಿದ ವ್ಯಾಪಾರವನ್ನು ಮೂರು ಕೆಲಸದ ದಿನಗಳೊಳಗೆ, ಐರೋಪ್ಯ ಒಕ್ಕೂಟದಲ್ಲಿ 14 ದಿನಗಳೊಳಗೆ ಕಾರಣ ಕೊಡದೆಯೇ ರದ್ದು ಮಾಡಬಹುದು, ಮತ್ತು ಅಂಥ ನಿಯಮಗಳು ಬರಲು ವ್ಯಾಕ್ಯೂಮ್ ಕ್ಲೀನರಿನಂಥ ಮನೆಬಾಗಿಲ ಮಾರಾಟಗಳೇ ಕಾರಣ. ನಮ್ಮಲ್ಲಿ ಅದನ್ನು ನೆಚ್ಚಿಕೊಂಡು ಮುಂಗಡ ಕೊಡಬಾರದು. ಹಿಂದಿರುಗಿಸುವ ಅವಧಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು.

2021ರ ಡಿಸೆಂಬರ್ 28ರಂದು ಹೊರಬಂದ ನೇರ ಮಾರಾಟದ ನಿಯಮಗಳೂ ಇವೆ. ಮಾರಾಟಗಾರ ಗುರುತಿನ ಚೀಟಿಯಿಲ್ಲದೆ, ಮುಂಚಿತವಾಗಿ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಬರುವಂತಿಲ್ಲ. ತಾನು ಯಾರು, ಯಾವ ಸಂಸ್ಥೆಯವನು, ಏನು ಮಾರಲು ಬಂದಿದ್ದೇನೆ ಎಂಬುದನ್ನು ಮಾತಿನ ಆರಂಭದಲ್ಲಿಯೇ, ಕೇಳದೆಯೇ ಹೇಳಬೇಕು. ಬೆಲೆ, ಹಿಂದಿರುಗಿಸುವ ಷರತ್ತು, ವಾರಂಟಿ, ಮಾರಾಟಾನಂತರದ ಸೇವೆ ಇವುಗಳ ಪೂರ್ಣ ವಿವರ ಕೊಡಬೇಕು. ‘ಬಹುಮಾನ ಬಂದಿದೆ’ ಎಂದು ಹೇಳಿ ಒಳಗೆ ಬರುವುದು ಇದಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಈ ನಿಯಮಗಳು ನೇರ ಮಾರಾಟಗಾರರ ಜಾಲದ ಮೂಲಕ ಮಾರುವ ಸಂಸ್ಥೆಗಳಿಗಾಗಿ ಬರೆದವು. ಬಂದವರು ನಮ್ಮ ಸಂಬಳದ ನೌಕರರು, ನಿಯಮ ನಮಗೆ ತಾಗುವುದಿಲ್ಲ ಎಂದು ಕಂಪನಿ ವಾದಿಸಬಹುದು. ಹಾಗೆ ವಾದಿಸಿದರೂ ಮೂಲ ಕಾಯ್ದೆಯಿಂದ ಅದು ತಪ್ಪಿಸಿಕೊಳ್ಳಲಾರದು.

‘ಒಂಟಿಕೊಪ್ಪಲು’ ಅವರು ಎತ್ತಿದ ಮೊಬೈಲಿನ ಪ್ರಶ್ನೆಗೂ ಈಗ ಉತ್ತರವಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹುಸಿ ಅವಸರ ಹುಟ್ಟಿಸುವುದನ್ನು, ಬೆಲೆಯ ಭಾಗಗಳನ್ನು ಕೊನೆಯವರೆಗೆ ಬಚ್ಚಿಡುವುದನ್ನು ನಿಷೇಧಿತ ಪದ್ಧತಿಗಳ ಪಟ್ಟಿಗೆ ಸೇರಿಸಲಾಗಿದೆ. ‘ಇಂದು ಮಾತ್ರ’ ಎಂದು ಹೇಳಿ ನಾಳೆಯೂ ಅದೇ ಬೆಲೆಗೆ ಫೋನ್ ಮಾಡುವವರ ನಡವಳಿಕೆ ಅದೇ ಜಾತಿಯದು, ಮಾಧ್ಯಮ ಮಾತ್ರ ಬೇರೆ.

ಹಣ ಕೊಟ್ಟ ಮೇಲೆ ತೊಂದರೆಯಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗ ಮೈಸೂರಿನಲ್ಲೂ ಮಂಡ್ಯದಲ್ಲೂ ಇದೆ. ಈಗಿನ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ, ವಕೀಲರು ಬೇಕೇ ಬೇಕೆಂಬ ಕಡ್ಡಾಯವೂ ಇಲ್ಲ. ಕೊನೆಯದನ್ನು ಹೇಳಿದ್ದಕ್ಕೆ ನನ್ನ ಸಹೋದ್ಯೋಗಿಗಳು ಕ್ಷಮಿಸಲಿ.

ಕೇಳಿದವರ ಮರುಮಾತು: ‘ಕುವೆಂಪುನಗರ ಕೆ ಬ್ಲಾಕ್’

ಎಲ್ಲರಿಗೂ ಧನ್ಯವಾದಗಳು. ಅರ್ಧ ಹಾಸಿಗೆಯ ಪ್ರಸ್ತಾಪವನ್ನು ಅಪ್ಪ ನಿನ್ನೆ ಫೋನಿನಲ್ಲಿ ಮುಂದಿಟ್ಟರು. ‘ಬೇರೆ ಕಂಪನಿಯ ಯಂತ್ರ ಇರುವಲ್ಲಿ ಡೆಮೊ ಕೊಡುವುದಕ್ಕೆ ನಮಗೆ ಅನುಮತಿಯಿಲ್ಲ ಸರ್’ ಎಂಬ ಉತ್ತರ ಬಂತಂತೆ. ಡಬ್ಬದ ಮೇಲಿನ ಎಂಆರ್‌ಪಿಯ ಫೋಟೊ ಕಳುಹಿಸಿ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರವಿಲ್ಲ. ‘ಒಂಟಿಕೊಪ್ಪಲು’ ಅವರು ಹೇಳಿದ ಹಾಸಿಗೆಯ ಹೊದಿಕೆಯನ್ನು ಮೊದಲು ತರಿಸುತ್ತಿದ್ದೇವೆ, ಉಬ್ಬಸದ ವಿಷಯವನ್ನು ವೈದ್ಯರ ಹತ್ತಿರವೇ ಮಾತಾಡುತ್ತೇವೆ.

ಆದರೆ ಅಮ್ಮನಿಗೆ ಈಗ ಯಂತ್ರವೊಂದು ಬೇಕೆಂದೇ ಅನ್ನಿಸಿದೆ, ಫ್ಯಾನು ಮತ್ತು ಪುಸ್ತಕದ ಕಪಾಟಿಗೆ. ‘ಹಳೇ ಮೀಟರು’ ಅವರೇ, ಅಂಗಡಿಯಲ್ಲಿ ಕೊಳ್ಳುವುದಾದರೆ ರೆಡ್ ಆಕ್ಸೈಡ್ ನೆಲದ, ಹಳೆಯ ವೈರಿಂಗಿನ ಮನೆಗೆ ಏನನ್ನು ನೋಡಿಕೊಳ್ಳಬೇಕು?

ಉತ್ತರ: ‘ಹಳೇ ಮೀಟರು’

ಮೊದಲು ಪ್ಲಗ್ ನೋಡಿ. 2000 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ ಬೇಕು. ಹಳೆಯ ಮನೆಗಳಲ್ಲಿ ಅಂಥ ಪಾಯಿಂಟ್ ಅಡುಗೆಮನೆಯಲ್ಲಿ ಮತ್ತು ಬಚ್ಚಲಿನ ಗೀಸರಿನ ಹತ್ತಿರ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಸಣ್ಣ ಪಿನ್ನಿನ ಪಾಯಿಂಟಿಗೆ ಅಡಾಪ್ಟರ್ ಹಾಕಿ ಓಡಿಸಿ, ಸ್ವಿಚ್‌ಬೋರ್ಡ್ ಸುಟ್ಟುಕೊಂಡು ಬಂದವರನ್ನು ನಾನು ಆಗಾಗ ನೋಡುತ್ತೇನೆ. ನಿಮ್ಮ ತಾಯಿಯವರ ಕೆಲಸಕ್ಕೆ 1000ದಿಂದ 1200 ವ್ಯಾಟಿನ, ಆರು ಆಂಪಿಯರ್ ಪ್ಲಗ್ಗಿನ ಯಂತ್ರ ಸಾಕು. ತಂತಿ ಐದು ಮೀಟರಿಗಿಂತ ಕಡಿಮೆಯಿದ್ದರೆ ಕೋಣೆಯಿಂದ ಕೋಣೆಗೆ ಪ್ಲಗ್ ಬದಲಾಯಿಸುತ್ತಲೇ ಇರಬೇಕಾಗುತ್ತದೆ.

ರೆಡ್ ಆಕ್ಸೈಡ್ ನೆಲಕ್ಕೆ ಗಟ್ಟಿ ಪ್ಲಾಸ್ಟಿಕ್ ಚಕ್ರದ ಯಂತ್ರ ಬೇಡ, ಚಕ್ರಕ್ಕೆ ಮರಳಿನ ಕಾಳು ಸಿಕ್ಕಿಕೊಂಡರೆ ಗೆರೆ ಬೀಳುತ್ತದೆ. ರಬ್ಬರ್ ಹೊದಿಸಿದ ಚಕ್ರ ಮತ್ತು ಮೃದು ಕೂದಲಿನ ನೆಲದ ಬ್ರಷ್ ಕೇಳಿ. ಕಾರ್ಪೆಟ್ಟಿಗಾಗಿ ಮಾಡಿದ ತಿರುಗುವ ಬ್ರಷ್ಷಿಗೆ ಹೆಚ್ಚಿನ ಹಣ ಕೊಡುವ ಅಗತ್ಯವಿಲ್ಲ. ಫ್ಯಾನಿಗೆ ಬೇಕಾದ ಉದ್ದನೆಯ ಎರಡು ಕೊಳವೆಗಳೂ ಸಣ್ಣ ದುಂಡು ಬ್ರಷ್ಷೂ ಡಬ್ಬದಲ್ಲೇ ಇವೆಯೇ ಎಂಬುದನ್ನು ಬಿಲ್ ಮಾಡಿಸುವ ಮೊದಲು ತೆರೆದು ನೋಡಿ. ತಾಯಿಯವರನ್ನೇ ಕರೆದುಕೊಂಡು ಹೋಗಿ, ಎತ್ತಿ ಹಿಡಿದು ಭಾರ ನೋಡಲಿ, ಓಡಿಸಿ ಸದ್ದು ಕೇಳಲಿ. ಶನಿವಾರ ಭಾನುವಾರ ಸಂಜೆ ಅಂಗಡಿಯವರಿಗೆ ಡಬ್ಬ ಬಿಚ್ಚಿ ತೋರಿಸುವ ತಾಳ್ಮೆ ಇರುವುದಿಲ್ಲ, ವಾರದ ನಡುವೆ ಬೆಳಗಿನ ಹೊತ್ತು ಹೋಗಿ.